ಗುಲಾಬಿ ಕಾರ್ಡಿನ ಹಿಂಬದಿ

ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಗ್ರಂಥಪಾಲಕಿ ಮೂರನೆಯ ಸಲ ಕುರ್ಚಿ ಜೋಡಿಸುತ್ತಿದ್ದಳು. ಮೊದಲು ಸಾಲಾಗಿಟ್ಟಳು, ಥೇಟ್ ಶಾಲೆಯಂತೆ ಕಂಡಿತು. ಅರ್ಧ ಸುತ್ತಾಗಿ ಇಟ್ಟಳು, ಖಾಲಿ ಉಳಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದಲ್ಲ ಎಂದು ಆರು ಕುರ್ಚಿ ಹೊರಗೆ ಸಾಗಿಸಿದಳು. ಸಾಗಿಸಿದ್ದೇ ಅಪಶಕುನವೆನಿಸಿ ಮತ್ತೆ ಒಳಗೆ ತಂದಳು.

ಮಹಡಿಯ ಈ ಕೋಣೆ ಹದಿಹರೆಯದ ಮಕ್ಕಳಿಗೇ ಇರಲೆಂದು ಅವಳು ಎಂಟು ತಿಂಗಳು ಮುಖ್ಯ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಕೋಣೆ ಸಿಕ್ಕಿತು, ಮಕ್ಕಳು ಸಿಗಲಿಲ್ಲ. ಶನಿವಾರದ ಓದಿನ ಕೂಟಕ್ಕೆ ಬರುತ್ತಿದ್ದವರು ಮೂವರು. ಅದರಲ್ಲೊಬ್ಬ ಫ್ಯಾನಿನ ಗಾಳಿಗೆ ಬರುವವನು. ಇವತ್ತು ಮುಖ್ಯ ಕಚೇರಿಯ ಸಾಹೇಬರು ನೋಡಲು ಬರುವವರಿದ್ದರು. ಹತ್ತು ಮಕ್ಕಳಾದರೂ ಕಾಣದಿದ್ದರೆ ಇಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಒಟ್ಟಿಸುತ್ತೇನೆಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಅದಕ್ಕೇ ಅವಳು ರಿಜಿಸ್ಟರಿನಿಂದ ಇಪ್ಪತ್ತಮೂರು ಹೆಸರು ಹೆಕ್ಕಿದ್ದಳು. ಚಿಕ್ಕವರಿದ್ದಾಗ ಪುಸ್ತಕಕ್ಕಾಗಿ ಜಗಳವಾಡಿ, ಮೀಸೆ ಚಿಗುರುವ, ಎತ್ತರವಾಗುವ ಹೊತ್ತಿಗೆ ಲೈಬ್ರರಿಯ ಕಡೆ ತಲೆ ಹಾಕುವುದನ್ನೇ ಬಿಟ್ಟವರು. ಒಬ್ಬೊಬ್ಬರಿಗೂ ಕೈಯಾರೆ ನಾಲ್ಕು ಸಾಲು ಬರೆದಳು. 'ನೀನು ತಿಮಿಂಗಿಲದ ಪುಸ್ತಕವನ್ನು ಐದು ಸಲ ಒಯ್ದಿದ್ದೆ, ನೆನಪಿದೆಯಾ? ನಿನ್ನಂಥವರು ಬೇಕಾಗಿದ್ದಾರೆ. ಶನಿವಾರ ನಾಲ್ಕಕ್ಕೆ ಬಾ.' ಹೀಗೆ. ಅಟೆಂಡರ್ ಸೈಕಲ್ ತುಳಿದು ಎಲ್ಲರ ಮನೆಗೂ ಮುಟ್ಟಿಸಿ ಬಂದಿದ್ದರು.

ಸಾಹೇಬರು ಐದು ನಿಮಿಷ ಮೊದಲೇ ಬಂದು ಮೂಲೆಯಲ್ಲಿ ಕೂತರು. ನಾಲ್ಕು ಹೊಡೆಯಿತು. ಯಾರೂ ಇಲ್ಲ. ನಾಲ್ಕೂ ಐದು. ಮಾಮೂಲಿ ಮೂವರೂ ಇಲ್ಲ, ಫ್ಯಾನಿನ ಗಾಳಿಯವನು ಕೂಡ! ಅವಳು ಕಿಟಕಿಗೂ ಬಾಗಿಲಿಗೂ ನಡುವೆ ಬೆಂಕಿ ತುಳಿದವಳ ಹಾಗೆ ಓಡಾಡಿದಳು. ಅಟೆಂಡರ್ ಹತ್ತಿರ ಬಂದು, ಕಾರ್ಡು ಕೊಟ್ಟಾಗ ಎಲ್ಲರ ಮನೆಯಲ್ಲೂ ಯಾಕೋ ಮುಖ ಸಪ್ಪಗಾಯಿತು ಎಂದು ಮೆಲ್ಲಗೆ ಹೇಳಿದರು. ಈಗ ಹೇಳುತ್ತಾರಲ್ಲ ಈ ಮನುಷ್ಯ ಎಂದು ಅವಳಿಗೆ ಸಿಟ್ಟು ಬಂತು.

ನಾಲ್ಕೂಕಾಲಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಎರಡು ಜಡೆಯ ಹುಡುಗಿಯೊಬ್ಬಳು ಒಂದು ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಬಂದು ನಿಂತಳು. ಅವಳು ತಿಮಿಂಗಿಲದ ಹುಡುಗಿಯೇ. ಮೇಜಿನ ಮೇಲೆ ಗುಲಾಬಿ ಬಣ್ಣದ ಕಾರ್ಡು ಇಟ್ಟಳು.

"ನಾನು ಕದ್ದಿದ್ದಲ್ಲ ಮೇಡಂ," ಎಂದಳು.

ಗ್ರಂಥಪಾಲಕಿ ಕಾರ್ಡು ನೋಡಿದಳು. 'ಕೊನೆಯ ಎಚ್ಚರಿಕೆ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. 'ಪುಸ್ತಕ ಹಿಂದಿರುಗಿಸದವರ ಮೇಲೆ ಕ್ರಮ ಕೈಗೊಳ್ಳಲಾಗುವುದು.' ಅವಳು ಬರೆದದ್ದೆಲ್ಲ ಹಿಂಬದಿಯಲ್ಲಿ! ಬೀರುವಿನಲ್ಲಿ ಈ ಕಾರ್ಡುಗಳ ಕಟ್ಟು ಮಿಕ್ಕಿತ್ತು, ದಪ್ಪ ಕಾಗದ, ಹಿಂಬದಿ ಖಾಲಿ, ದಂಡವಾಗದಿರಲೆಂದು ತೆಗೆದುಕೊಂಡಿದ್ದಳು. ಇಪ್ಪತ್ತೆರಡು ವರ್ಷ ದಿನಬೆಳಗಾದರೆ ಕಣ್ಣಿಗೆ ಬಿದ್ದ ಅಕ್ಷರ. ಅದನ್ನು ಓದುವುದನ್ನೇ ಅವಳು ಯಾವತ್ತೋ ಬಿಟ್ಟಿದ್ದಳು.

ಆಮೇಲೆ ಒಬ್ಬರ ಹಿಂದೊಬ್ಬರು ಬಂದರು. ಒಬ್ಬನ ಕೈಯಲ್ಲಿ ಅವನ ಅಣ್ಣ ಯಾವ ಕಾಲದಲ್ಲೋ ಒಯ್ದಿದ್ದ ಭೂಪಟ. ಒಬ್ಬಳು ಹರಿದ ಹಾಳೆಗಳಿಗೆ ರಾತ್ರೋರಾತ್ರಿ ಅಂಟು ಹಚ್ಚಿ ತಂದಿದ್ದಳು. ಏನೂ ಬಾಕಿಯಿಲ್ಲದವನೊಬ್ಬ ತನ್ನ ಮನೆಯ ಪುಸ್ತಕವನ್ನೇ ತಂದು, ಇದಾದರೂ ಆಗುತ್ತಾ ಎಂದು ಕೇಳಿದ. ಮಾಮೂಲಿ ಮೂವರು ವಿಷಯ ಕೇಳಿ ಬೆದರಿ ಬಾಗಿಲಾಚೆಯೇ ಇಣುಕುತ್ತಿದ್ದರು.

ಸಾಹೇಬರ ಮುಖ ಅರಳಿತ್ತು. "ಹದಿನಾಲ್ಕು ಜನ. ಪರವಾಗಿಲ್ಲ ಕಣ್ರೀ. ಎಲ್ಲಾ ಓದಿನ ಕೂಟಕ್ಕೆ ಬಂದವರೇ ತಾನೆ? ಬರ್ಕೊಳ್ಲಾ?"

ಹೂಂ ಎಂದರೆ ಮುಗಿಯುತ್ತಿತ್ತು, ಕೋಣೆ ಉಳಿಯುತ್ತಿತ್ತು. ಗ್ರಂಥಪಾಲಕಿ ಮಕ್ಕಳ ಕಡೆ ನೋಡಿದಳು. ಎರಡು ಜಡೆಯವಳು ಇನ್ನೂ ಪುಸ್ತಕವನ್ನು ಬಿಗಿಯಾಗಿ ಹಿಡಿದೇ ಇದ್ದಳು.

"ಇಲ್ಲ ಸಾರ್," ಎಂದಳು ಗ್ರಂಥಪಾಲಕಿ. "ಹೆದರಿ ಬಂದಿದಾರೆ. ತಪ್ಪು ನಂದು."

ಮಕ್ಕಳಿಗೆ ಕಾರ್ಡು ತಿರುಗಿಸಿ ನೋಡಲು ಹೇಳಿದಳು, ಯಾರ ಮೇಲೂ ಏನೂ ಇಲ್ಲ, ಹೋಗುವವರು ಹೋಗಬಹುದು ಎಂದಳು. ಮಕ್ಕಳು ಬೆಪ್ಪಾಗಿ ಹಿಂಬದಿ ಓದಿದರು. ಆಮೇಲೆ ನೋಡಬೇಕು, ಶಾಲೆ ಬಿಟ್ಟ ಹಾಗೆ ಧಡಧಡನೆ ಇಳಿದರು. ಉಳಿದವರು ಐದೇ ಜನ.

ಸಾಹೇಬರು ಐದು ಎಂದೇ ಬರೆದುಕೊಂಡರು. ಮುಂದಿನ ಶನಿವಾರ ಇನ್ನೊಂದು ಸಲ ಬರುತ್ತೇನೆ, ಅದೇ ಕೊನೆ, ಆಗ ಯಾರನ್ನೂ ಹೆದರಿಸಿ ಕರೆಸಬೇಡಿ ಎಂದು ಹೇಳಿ ಹೊರಟುಹೋದರು. ಒಂದು ವಾರ. ಇವತ್ತು ಮನೆಮನೆಯಲ್ಲೂ ಮಾನ ಕಳೆದುಕೊಂಡ ಮೇಲೆ ಯಾರು ಬಂದಾರು? ಅವಳಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು.

ಎರಡು ಜಡೆಯವಳು ಕಿಟಕಿಯ ಪಕ್ಕ ಕೂತು ಓದುತ್ತಿದ್ದಳು. ಹನ್ನೆರಡು ಪುಟ ಬಾಕಿಯಂತೆ. ಪರೀಕ್ಷೆ ಮುಗಿಯುವವರೆಗೆ ಕಥೆ ಪುಸ್ತಕ ಮುಟ್ಟಕೂಡದೆಂದು ಅವಳಮ್ಮ ಅದನ್ನು ಅಟ್ಟದ ಮೇಲೆ ಎಸೆದು ಒಂದು ವರ್ಷವಾಗಿತ್ತು. ಕಾರ್ಡು ಬಂದ ಮೇಲೆ ಹೆದರಿ ಅಮ್ಮನೇ ಸ್ಟೂಲು ಹಾಕಿ ಇಳಿಸಿದ್ದರು. ಓದಿ ಮುಗಿಸಿ ಪುಸ್ತಕ ಕೊಟ್ಟಳು. ಆದರೆ ಹೋಗಲಿಲ್ಲ. ಮೇಜಿನ ಅಂಚು ಉಗುರಿನಿಂದ ಕೆರೆಯುತ್ತ ನಿಂತಳು.

"ಮೇಡಂ, ಮುಂದಿನ ವಾರಕ್ಕೂ ಒಂದು ಕಾರ್ಡ್ ಕಳಿಸ್ತೀರಾ?" ಎಂದಳು. "ಹಿಂದ್ಗಡೆ ಏನೂ ಬರೀಬೇಡಿ. ಬೈಯೋದಷ್ಟೇ ಇರ್ಲಿ. ಇಲ್ಲಾಂದ್ರೆ ಅಮ್ಮ ಬಿಡಲ್ಲ."

ಅವಳಮ್ಮನಿಗೆ ಮಂಡಿನೋವು, ಸ್ಟೂಲು ಹತ್ತಿ ಇಳಿದು ಅದು ಇನ್ನೂ ಜಾಸ್ತಿಯಾಗಿ, ಮಹಡಿ ಹತ್ತಲಾಗದೆ ಕೆಳಗೆ ಬೆಂಚಿನ ಮೇಲೆ ಕಾಯುತ್ತಿದ್ದಾರಂತೆ. ಬೀರುವಿನಲ್ಲಿ ಗುಲಾಬಿ ಕಾರ್ಡಿನ ಕಟ್ಟು ಇನ್ನೂ ಇಷ್ಟೆತ್ತರ ಇತ್ತು. ಗ್ರಂಥಪಾಲಕಿ ಅದನ್ನು ನೋಡಿದಳು. ಇಪ್ಪತ್ತಮೂರು ಕಳಿಸಿದರೆ ಮತ್ತೆ ಹದಿನಾಲ್ಕು ಜನ ಬಂದೇ ಬರುತ್ತಾರೆ. ನೋಡುತ್ತ ನಿಂತವಳು ಬೀರುವಿಗೆ ಬೀಗ ಹಾಕಿದಳು. ಮೇಜಿನ ಮೇಲಿದ್ದ ಹುಡುಗಿಯ ಕಾರ್ಡನ್ನೇ ಎತ್ತಿಕೊಂಡು ಮೆಟ್ಟಿಲಿಳಿದಳು.

"ಬೇಡ ಮೇಡಂ," ಎಂದು ಹುಡುಗಿ ಹಿಂದೆಯೇ ಬಂದಳು.

ತಾಯಿ ಗಾಬರಿಯಿಂದ ಏಳಹೋದರು. ಗ್ರಂಥಪಾಲಕಿ ಏಳಬೇಡಿ ಎಂದು ಪಕ್ಕದಲ್ಲಿ ಕೂತು, ಕಾರ್ಡಿನ ಹಿಂಬದಿಯನ್ನು ಮೇಲೆ ಮಾಡಿ ಅವರ ಕೈಗಿಟ್ಟಳು. ತಾಯಿ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಆಮೇಲೆ ವಾಪಸು ಕೊಟ್ಟರು.

"ಕನ್ನಡಕ ತಂದಿಲ್ಲಮ್ಮ. ನೀವೇ ಓದಿ."

ಹುಡುಗಿ ಮೆಟ್ಟಿಲ ಮಧ್ಯದಲ್ಲೇ ಕಂಬಿ ಹಿಡಿದು ನಿಂತುಬಿಟ್ಟಳು. ಗ್ರಂಥಪಾಲಕಿ ಓದತೊಡಗಿದಳು.