ಹದಿನಾಲ್ಕನೆಯ ಹೆಸರು

ಕಲ್ಲುಕುಟಿಗ ಎರಡನೆಯ ಅಕ್ಷರವನ್ನು ಕೆತ್ತಿ ತೆಗೆಯುವಷ್ಟರಲ್ಲಿ ಟೀಚರಮ್ಮ ಓಡಿಬಂದು ಅವನ ಸುತ್ತಿಗೆ ಹಿಡಿದುಕೊಂಡರು.

"ತಾತಾ, ಇವತ್ತೇ ಅಳಿಸ್ಬೇಕಾ? ಅವರನ್ನಿನ್ನೂ ಮಣ್ಣು ಮಾಡಿಲ್ಲ."

"ಮಣ್ಣು ಮಾಡೋ ಮುಂಚೆ ಅಳಿಸ್ತೀನಿ ಅಂತ ಮಾತು ಕೊಟ್ಟಿದೀನಮ್ಮ. ಕೈ ಬಿಡು."

ಬಿಟ್ಟರು. ಶತ್ರುಗಳ ಕೈಯಿಂದ ಊರು ಬಿಡುಗಡೆಯಾದ ದಿನ ಸತ್ತವರ ಸ್ಮಾರಕ ಅದು. ಇಪ್ಪತ್ತೊಂದು ಹೆಸರು, ಎಲ್ಲವೂ ಅವನೇ ಕೆತ್ತಿದ್ದು. ಹದಿಮೂರನೆಯದು ಅವನ ಒಡಹುಟ್ಟಿದ ತಮ್ಮನದು. ಹದಿನಾಲ್ಕನೆಯದು ಅಂಚೆಯಣ್ಣನದು. ಆದರೆ ಅಂಚೆಯಣ್ಣ ತೀರಿಕೊಂಡದ್ದು ನಿನ್ನೆ. ಎಂಬತ್ತೆರಡನೆಯ ವಯಸ್ಸಿನಲ್ಲಿ, ಹೊಟ್ಟೆ ತುಂಬ ಉಂಡು, ತನ್ನದೇ ಮಂಚದ ಮೇಲೆ. ಪುಣ್ಯವಂತ!

ಕಲ್ಲುಕುಟಿಗನ ಕೈ ಈಚೆಗೆ ನಡುಗುತ್ತದೆ. ಉಳಿ ಕೂದಲೆಳೆಯಷ್ಟು ಮೇಲಕ್ಕೆ ಜಾರಿದರೂ ತಮ್ಮನ ಹೆಸರಿಗೆ ಪೆಟ್ಟು. ಮಗನಿಗೆ ಹೇಳಬಹುದಿತ್ತು, ಹೇಳಲಿಲ್ಲ. ತಪ್ಪು ತನ್ನದು, ತಾನೇ ತಿದ್ದಬೇಕು.

*

ಗುಂಡಿನ ಸದ್ದು ನಿಂತ ಆ ಸಂಜೆ ಸೇತುವೆಯ ಕೆಳಗೆ ಅಂಚೆಯಣ್ಣನ ಚೀಲ, ಟೋಪಿ ಸಿಕ್ಕಿದ್ದವು. ಆಳು ಸಿಗಲಿಲ್ಲ. ತಮ್ಮನನ್ನು ಕಳೆದುಕೊಂಡ ಸಂಕಟದಲ್ಲಿ ಕಲ್ಲುಕುಟಿಗ ಹಿಂದೆಮುಂದೆ ನೋಡದೆ ಆ ಹೆಸರನ್ನೂ ಕೆತ್ತಿಬಿಟ್ಟ. ಸ್ಮಾರಕ ನಿಂತ ನಾಲ್ಕು ತಿಂಗಳಿಗೆ ಆಸಾಮಿ ನಡೆದುಕೊಂಡು ಬಂದ. ಸೋತು ಓಡುತ್ತಿದ್ದ ಸೈನಿಕರು ಮೂಟೆ ಹೊರಲು ಎಳೆದೊಯ್ದಿದ್ದರಂತೆ. ಕಲ್ಲಿನ ಮೇಲೆ ತನ್ನ ಹೆಸರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಲ್ಲುಕುಟಿಗ ಅವನ ಕಾಲಿಗೆ ಬೀಳುವುದೊಂದು ಬಾಕಿ. ಈಗಲೇ ಅಳಿಸುತ್ತೇನೆ ಅಂದ.

"ಬೇಡ ಕಣೋ. ನಾನಿರೋ ತನಕ ಅದು ತಮಾಷೆ. ಸತ್ತ ಮೇಲೆ ಸುಳ್ಳಾಗುತ್ತೆ. ಅವತ್ತು ಅಳಿಸು, ಮಣ್ಣು ಮಾಡೋ ಮುಂಚೆ."

ಅಂದಿನಿಂದ ಪ್ರತಿವರ್ಷ ಬಿಡುಗಡೆಯ ದಿನ ಹೆಸರುಗಳನ್ನು ಓದುತ್ತ ಹದಿನಾಲ್ಕಕ್ಕೆ ಬಂದರೆ ಸಾಕು, ಗುಂಪಿನ ಹಿಂದಿನಿಂದ "ಇದ್ದೀನಪ್ಪಾ" ಎಂಬ ದನಿ. ತಮ್ಮನ ಹೆಸರಿಗೆ ಕಣ್ಣೊರೆಸಿಕೊಳ್ಳುತ್ತಿದ್ದ ಕಲ್ಲುಕುಟಿಗ ಮರುಗಳಿಗೆಯೇ ನಗಬೇಕಾಗುತ್ತಿತ್ತು. ನಲವತ್ತು ವರ್ಷ ಹೀಗೇ ನಡೆಯಿತು.

*

ಹೆಣ ಹೊತ್ತವರು ಬರುವಷ್ಟರಲ್ಲಿ ಕೊನೆಯ ಅಕ್ಷರವೂ ಹೋಗಿತ್ತು. ತಮ್ಮನ ಹೆಸರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಲ್ಲುಕುಟಿಗ ಆ ಜಾಗವನ್ನು ಉಜ್ಜಿ ನುಣುಪು ಮಾಡಿ, ನೀರು ಸುರಿದು ತೊಳೆದು, ಪಕ್ಕಕ್ಕೆ ಸರಿದು ನಿಂತ.

ಅಂಚೆಯಣ್ಣನ ಹೆಂಡತಿ ಕೇಳಿಕೊಂಡಿದ್ದರಿಂದ ಈಚಿನ ವರ್ಷಗಳಲ್ಲಿ ಓದುತ್ತಿದ್ದ ಟೀಚರಮ್ಮನೇ ಹೆಸರುಗಳನ್ನು ಓದಿದರು. ಹದಿಮೂರಾಯಿತು. ಅಭ್ಯಾಸಬಲ, ಅಲ್ಲಿಗೆ ನಿಲ್ಲಿಸಿದರು. ನೆರೆದವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು.

"ಮಾತು ಉಳಿಸ್ಕೊಂಡೆ ಅತ್ತಿಗೆ," ಅಂದ ಕಲ್ಲುಕುಟಿಗ.

ಆಕೆ ಕಲ್ಲನ್ನು ನೋಡಿದಳು. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

"ಅಳಿಸಿದ್ದೇನೋ ಅಳಿಸ್ದೆ. ಅವರು ಹೋಗಬೇಕಲ್ಲಪ್ಪ."

ಮಳೆಬಿಸಿಲಿಗೆ ಕಪ್ಪಾದ ಕಲ್ಲಿನ ನಡುವೆ ಆ ಒಂದು ಪಟ್ಟಿ ಮಾತ್ರ ಹಾಲುಬಿಳುಪಾಗಿ, ಬೀದಿಯ ಆ ತುದಿಗೂ ಕಾಣುವಂತೆ ಹೊಳೆಯುತ್ತಿತ್ತು.