ಮುನಿವೆಂಕಟಮ್ಮನ ಒಟಿಪಿ

"ಇನ್ನೊಂದ್ಸಲ ಹೇಳಿ ಸಾರ್, ನಿಧಾನಕ್ಕೆ," ಎಂದ ಸುಬ್ರಮಣಿ. ಬದರೀನಾಥರು ಮುನಿವೆಂಕಟಮ್ಮನ ಆಧಾರ್ ಸಂಖ್ಯೆಯನ್ನು ಮಗ್ಗಿಯಂತೆ ಮತ್ತೆ ಒಪ್ಪಿಸಿದರು. ಸುಬ್ರಮಣಿ ತನ್ನ ಮೊಬೈಲಿನಲ್ಲಿ ಒತ್ತಿಕೊಂಡ.

ಚಿತಾಗಾರದ ಅಂಗಳದಲ್ಲಿ ನಿಂತ ಆಂಬುಲೆನ್ಸಿನೊಳಗೆ ಆಕೆ ಮಲಗಿದ್ದಳು. ಕಾರ್ಡು ಮನೆಯಲ್ಲೆಲ್ಲೂ ಸಿಕ್ಕಿರಲಿಲ್ಲ. ಅದರ ಪ್ರತಿ ತೋರಿಸಿದ ಮೇಲೆಯೇ ಸರದಿ ಎಂದು ಕಿಟಕಿಯಲ್ಲಿ ಹೇಳಿದ್ದರು. ಈಗ ಮೊಬೈಲಿನಲ್ಲೇ ಇಳಿಸಿಕೊಳ್ಳಬೇಕು.

"ಬದುಕಿದ್ದಾಗ ರೇಷನ್‌ಗೂ ಇದೇ ಪಾಡು," ಎಂದಳು ಪಕ್ಕದ ಮನೆಯ ಗಂಗಾದೇವಿ. "ಸತ್ ಮೇಲೂ ಕ್ಯೂನಲ್ಲೇ ಅವ್ಳೆ."

ಅಷ್ಟರಲ್ಲಿ ಬದರೀನಾಥರ ಜೇಬು ಕುಂಯ್ ಎಂದಿತು.

ಸುಬ್ರಮಣಿ ತಲೆಯೆತ್ತಿದ. "ಚಿಕ್ಕಮ್ಮನ ಆಧಾರ್‌ಗೆ ನಿಮ್ ನಂಬರಾ ಸಾರ್?"

"ಆಕೆ ಹತ್ರ ಫೋನ್ ಇರ್ಲಿಲ್ವಲ್ಲಪ್ಪ."

*

ಪಾತ್ರೆ ತಿಕ್ಕಿ ತಿಕ್ಕಿ ಮುನಿವೆಂಕಟಮ್ಮನ ಬೆರಳಿನ ಗೆರೆಗಳೇ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯ ಬೆರಳಚ್ಚು ಒಪ್ಪದೆ, ಮೊಬೈಲಿಗೆ ಬರುವ ಒಟಿಪಿ ಕೇಳುತ್ತಿತ್ತು. ಯಲಹಂಕದ ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಕೇಳಿದಾಗ ಆಕೆ ಹಿಂದೆ ತಿರುಗಿ ನೋಡಿದಳು. ಹಿಂದೆ ನಿಂತಿದ್ದ ಪಕ್ಕದ ಬೀದಿಯ ಬದರೀನಾಥರು, ನನ್ನದೇ ಹಾಕಿ ಎಂದುಬಿಟ್ಟರು. ಅವರು ಮದುವೆಯಾದವರಲ್ಲ. ಟೆಲಿಫೋನ್ ಇಲಾಖೆಯಲ್ಲಿದ್ದು ಊರಿನವರ ಫೋನನ್ನೆಲ್ಲ ರಿಪೇರಿ ಮಾಡಿದವರಿಗೆ ನಿವೃತ್ತಿಯ ನಂತರ ಬರುತ್ತಿದ್ದುದು, ಸಾಲ ಬೇಕೇ ಎಂಬ ಕರೆಗಳು ಮಾತ್ರ.

ಅಂದಿನಿಂದ ಪ್ರತಿ ತಿಂಗಳೂ ಆಕೆ ಗೇಟಿನ ಬಳಿ ಬಂದು, "ಸಾಮಿ, ಬೆಟ್ಟು ಒಲ್ಲೆ ಅಂತೈತೆ," ಎನ್ನುವಳು. ಬದರೀನಾಥರು ಇಸ್ತ್ರಿ ಮಾಡಿಟ್ಟ ಅಂಗಿ ತೊಟ್ಟು ರೇಷನ್ ಅಂಗಡಿಗೆ ಹೊರಡುವರು. ದಾರಿಯುದ್ದಕ್ಕೂ ಅವರು ಆ ಯಂತ್ರದ ಹೆಣ್ಣುದನಿಯಲ್ಲಿ, "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ," ಎಂದು ಅಣಕಿಸಿದರೆ, ಆಕೆ ಸೆರಗು ಬಾಯಿಗಿಟ್ಟು ನಗುವಳು. ಆಕೆಗೆ ಕಿವಿ ಮಂದ. ಒಟಿಪಿಯ ಒಂದೊಂದೇ ಅಂಕಿಯನ್ನು ಅವರು ಕಿವಿಯ ಬಳಿ ಹೇಳಿ ಕಾಯಬೇಕು. ಆಕೆ ಅದನ್ನು ಅಂಗಡಿಯವನಿಗೆ ಗಟ್ಟಿಯಾಗಿ ಒಪ್ಪಿಸಬೇಕು. ಆಮೇಲೆ ಇಬ್ಬರಿಗೂ ಜಗಲಿಯಲ್ಲಿ ಕಾಫಿ. ಮುಂದಿನ ತಿಂಗಳವರೆಗೆ ಆ ಗೇಟು ಸದ್ದು ಮಾಡುತ್ತಿರಲಿಲ್ಲ.

*

ಸುಬ್ರಮಣಿ ಜೇಬಿನಿಂದ ಇನ್ನೊಂದು ಪುಟ್ಟ ಫೋನು ತೆಗೆದ. "ಎರಡ್ ವರ್ಷದ ಹಿಂದೆ ನಾನೇ ಕೊಡ್ಸಿದ್ದು ಸಾರ್. ವಾರಕ್ಕೊಂದ್ಸಲ ಇದ್ರಲ್ಲೇ ಕಿರುಚಾಡ್ತಿದ್ವಿ. ಆಧಾರ್‌ಗೂ ಇದೇ ಹಾಕ್ಸಣ ಬಾ ಅಂದ್ರೆ, ಬ್ಯಾಡ ಕಣೋ, ಇಂಗೇ ಇರ್ಲಿ ಅಂದ್ಳು."

ಬದರೀನಾಥರು ಆ ಫೋನನ್ನೇ ನೋಡಿದರು. ಆಕೆಯ ಕೈಯಲ್ಲಿ ಅದನ್ನು ಒಮ್ಮೆಯೂ ಕಂಡಿರಲಿಲ್ಲ. ತಮ್ಮ ಮೊಬೈಲು ತೆರೆದರು. ಆಕೆಯ ಹೆಸರಿನಲ್ಲಿ ಇನ್ನು ಯಾವ ಅಂಕಿಯೂ ಬರುವುದಿಲ್ಲ. ಈ ಒಟಿಪಿ ಹೇಳಿಬಿಟ್ಟರೆ ಮುಗಿಯಿತು. ಹೇಳದಿದ್ದರೆ ಆಕೆ ಬಿಸಿಲಲ್ಲೇ ಇರಬೇಕು.

"ಹೇಳಿ ಸಾರ್," ಎಂದ ಸುಬ್ರಮಣಿ, ಮೆತ್ತಗೆ. "ಟೈಮ್ ಮುಗ್ದೋಗುತ್ತೆ."

ಬದರೀನಾಥರು ಅವನತ್ತ ತಿರುಗಲಿಲ್ಲ. ಆಂಬುಲೆನ್ಸಿನ ಮೆಟ್ಟಿಲು ಹತ್ತಿ, ಹೂಹಾರವನ್ನು ಸ್ವಲ್ಪ ಸರಿಸಿ, ಆಕೆಯ ಕಿವಿಯ ಬಳಿ ಬಾಗಿದರು.

"ಆರು," ಎಂದು ಕಾದರು.

ಹಿಂದಿನಿಂದ ಸುಬ್ರಮಣಿ ಗಟ್ಟಿಯಾಗಿ, "ಆರು," ಎಂದ.

"ಒಂಬತ್ತು," ಎಂದು ಮತ್ತೆ ಕಾದರು.