ಹದಿನಾಲ್ಕು ಸಾವಿನ ಸಿಹಿ

ಕಿಮ್‌ಹ್ಯೋ ಅಜ್ಜಿ ಮೊಮ್ಮಗಳು ನಟಿಸಿದ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಮೊಮ್ಮಗಳು ಪೇಲಾನ್ ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಹುಟ್ಟೂರು ತೈನಾನ್ ಬಿಟ್ಟು ಕೆನಡಾದ ವ್ಯಾಂಕೂವರಿಗೆ ಹೋದಳು. ಅಲ್ಲೇ ಓದಿ, ಅಲ್ಲೇ ನಟಿಯಾದಳು. ಅವಳು ಮೊದಲ ಸಲ ಟೀವಿಯಲ್ಲಿ ಬಂದಾಗ ತಾಯಿ ಕ್ಯಾಸೆಟ್ಟು ಕಳಿಸಿದ್ದಳು. ಅಜ್ಜಿ ಓಣಿಯವರನ್ನೆಲ್ಲ ಕರೆದು ಕೂರಿಸಿ, ಕಲ್ಲಂಗಡಿ ಹೆಚ್ಚಿಟ್ಟು ಟೀವಿ ಹಾಕಿದರೆ, ಎರಡೇ ನಿಮಿಷಕ್ಕೆ ಹುಡುಗಿ ಹಿಮದ ಮೇಲೆ ಕಣ್ಣು ಬಿಟ್ಟುಕೊಂಡು ಸತ್ತು ಬಿದ್ದಿದ್ದಳು. ಯಾರೂ ಹಣ್ಣು ಮುಟ್ಟಲಿಲ್ಲ. ಅವತ್ತೇ ಅಜ್ಜಿ ಪೇಲಾನ್‌ನ ತಾಯಿಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಕೆಂಪು ಲಕೋಟೆ ಕೊಟ್ರಾ?"

ಸಾಯುವ ಪಾತ್ರ ಮಾಡಿದವರಿಗೆ ಕೆಂಪು ಲಕೋಟೆಯಲ್ಲಿ ಒಂದಿಷ್ಟು ದುಡ್ಡು ಹಾಕಿ ಕೊಡಬೇಕು. ಆಗ ಕೆಟ್ಟದ್ದು ಅಲ್ಲಿಗೇ ಕಳೆಯುತ್ತದೆ. ಇಷ್ಟೂ ಗೊತ್ತಿಲ್ಲದವರು ಯಾವ ಸೀಮೆಯ ಸಿನಿಮಾದವರು ಎಂದು ಅಜ್ಜಿಗೆ ಸಿಟ್ಟು. ಆಮೇಲೆ ಬಂದ ಕ್ಯಾಸೆಟ್ಟುಗಳಲ್ಲೂ ಪೇಲಾನ್ ಸಾಯುತ್ತಲೇ ಹೋದಳು. "ಅವಳು ಸಾಯೋದನ್ನ ನಾನು ನೋಡಲ್ಲ" ಎಂದು ಅಜ್ಜಿ ಅವನ್ನೆಲ್ಲ ಬೀರುವಿಗೆ ಹಾಕಿದಳು. ಇಪ್ಪತ್ತೆರಡು ವರ್ಷ ನೋಡಲಿಲ್ಲ.

ಈಗ ಪೇಲಾನ್‌ಗೆ ನಲವತ್ತಮೂರು. ತೈನಾನಿನಲ್ಲೇ ತೆಗೆಯುವ ಒಂದು ಸಿನಿಮಾದಲ್ಲಿ ಅವಳಿಗೆ ಮೊದಲ ಬಾರಿಗೆ ದೊಡ್ಡ ಪಾತ್ರ ಸಿಕ್ಕಿತ್ತು. ಆ ಊರಿನ ಆನ್‌ಪಿಂಗ್ ಕೇರಿಯ ಅಜ್ಜಿಮನೆಯಲ್ಲೇ ಬಂದು ಇಳಿದಳು. ಪೆಟ್ಟಿಗೆ ಬಿಚ್ಚುವ ಮೊದಲೇ, "ಅಜ್ಜಿ, ಈ ಸಲ ನೀನು ಬಂದು ನೋಡ್ಬೇಕು. ಒಂದೇ ದಿವಸ" ಎಂದಳು.

"ಸಾಯ್ತೀಯಾ?"

ಪೇಲಾನ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೊನೇಲಿ ಸಾಯ್ತೀನಿ."

"ಹಾಗಾದ್ರೆ ನಂಗೆ ಮನೇಲಿ ಸಿಂಪಿಯ ಚಿಪ್ಪು ಬಿಡಿಸೋದಿದೆ."

ಹುಡುಗಿ ಒತ್ತಾಯ ಮಾಡಲಿಲ್ಲ. ಮುಖ ಸಣ್ಣದಾದದ್ದು ಮಾತ್ರ ಅಜ್ಜಿಗೆ ಕಂಡಿತು. ತೀರಿಹೋದ ಅಪ್ಪ ಅವಳ ಕೆಲಸವನ್ನು ಹೆಣದ ನೌಕರಿ ಎಂದು ಹಂಗಿಸುತ್ತಿದ್ದ. ಅಮ್ಮ ಏನು ಮಾಡಿದರೂ ಮೆಚ್ಚುತ್ತಾಳೆ, ಅದು ಲೆಕ್ಕಕ್ಕಿಲ್ಲ. ನೋಡಿ ಹೌದು ಅನ್ನಬೇಕಾದ ಹಿರಿಯ ಜೀವ ಇನ್ನು ಇದೊಂದೇ.

ಮೊದಲ ದಿನದ ಕೆಲಸ ಮುಗಿಸಿ ಪೇಲಾನ್ ಮಧ್ಯಾಹ್ನವೇ ಮನೆಗೆ ಬಂದಳು. ಅಜ್ಜಿಯ ಮುಂದೆ ಬಗ್ಗಿ, ಎರಡೂ ಕೈಯಲ್ಲಿ ಒಂದು ಕೆಂಪು ಲಕೋಟೆ ನೀಡಿದಳು. "ಮೊದಲ ದಿನದ್ದು ಅಜ್ಜಿ. ನಿಂಗೇ."

ಅಜ್ಜಿಗೆ ಹಿಗ್ಗಾಯಿತು. ಲಕೋಟೆ ಮಡಿಲಲ್ಲಿಟ್ಟುಕೊಂಡು, "ಇವತ್ತೇನು ಮಾಡಿದ್ರಿ?" ಎಂದು ಕೇಳಿದಳು.

"ಹೆಣದ ಪೆಟ್ಟಿಗೇಲಿ ಮಲಗಿಸಿದ್ರು. ಮುಂದಿಡೋಕೆ ಕಪ್ಪುಬಿಳುಪು ಫೋಟೋನೂ ತೆಗೆದ್ರು."

ಲಕೋಟೆ ನೆಲಕ್ಕೆ ಬಿತ್ತು. ಅಡುಗೆಮನೆಯಿಂದ ಕಿರಿಯ ಸೊಸೆ ಶುಕ್‌ಹುನ್ ಓಡಿಬಂದಳು. "ಅಯ್ಯೋ ಹುಚ್ಚಿ! ಸಾವಿನ ಲಕೋಟೆ ತಂದು ಎಂಬತ್ತಾರರ ಮುದುಕಿ ಕೈಗೆ ಇಟ್ಟಿದೀಯಲ್ಲೇ! ಅದನ್ನ ದಾರೀಲೇ ಖರ್ಚು ಮಾಡ್ಬೇಕು ಕಣೆ, ಹೊಸ್ತಿಲು ದಾಟಿಸ್ಬಾರ್ದು!"

"ನಂಗ್ಯಾರು ಹೇಳಿದ್ರು ಚಿಕ್ಕಮ್ಮ? 'ತಗೊಳ್ಳಿ ಅಕ್ಕ, ಒಳ್ಳೇದಾಗ್ಲಿ' ಅಂದ್ರು, ಅಷ್ಟೇ. ಮೊದಲ ಗಳಿಕೆ ಹಿರಿಯರಿಗೆ ಕೊಡ್ಬೇಕು ಅಂತ ಅಮ್ಮ ಹೇಳ್ಕೊಟ್ಟಿದ್ಳು…" ಪೇಲಾನ್ ಮುಖ ಸುಣ್ಣದ ಹಾಗಾಯಿತು. "ಇನ್ನು ನೀನು ಬರೋದೇ ಇಲ್ಲ ಅಲ್ವಾ ಅಜ್ಜಿ?"

ಅಜ್ಜಿಗೆ ಹೆದರಿಕೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕಂಡದ್ದು ಹುಡುಗಿ ಬಗ್ಗಿ ನೀಡಿದ ಆ ಎರಡು ಕೈ. ಅದರಲ್ಲಿ ಏನೂ ತಪ್ಪಿರಲಿಲ್ಲ. ಲಕೋಟೆಯಷ್ಟೇ ತಪ್ಪು.

"ಹೊತ್ತು ಮುಳುಗೋದ್ರೊಳಗೆ ಖರ್ಚು ಮಾಡಿದ್ರಾಯ್ತು, ಇನ್ನೂ ಎರಡು ಗಂಟೆ ಇದೆ. ಚಪ್ಪಲಿ ಹಾಕ್ಕೋ" ಎಂದಳು.

ಇಬ್ಬರೂ ಹಳೇ ಬೀದಿಗೆ ಹೋಗಿ ಸೋಯಾ ಹಾಲಿನ ಗಿಣ್ಣು ತಗೊಂಡರು, ಕಡಲೆಕಾಯಿ ಮಿಠಾಯಿ ಕಟ್ಟಿಸಿದರು, ಸಕ್ಕರೆಯಲ್ಲಿ ನೆನೆಸಿದ ಹಣ್ಣು ಕೊಂಡರು. ಗುಡಿಯ ಮುಂದಿನ ಕಲ್ಲಿನ ಮೇಲೆ ಎಲ್ಲ ಹರಡಿಕೊಂಡು ಕೂತ ಮೇಲೆ ಅಜ್ಜಿ ಕೇಳಿದಳು, "ಆ ಕಡೆ ಎಷ್ಟು ಸಲ ಸತ್ತೆ?"

ಪೇಲಾನ್ ಬೆರಳು ಮಡಚಿದಳು. "ಹದಿನಾಲ್ಕು."

"ಒಂದಕ್ಕೂ ಲಕೋಟೆ ಇಲ್ವಾ?"

"ಒಂದ್ಸಲ ಕಾಫಿ ಕೊಟ್ರು."

"ಥೂ! ಹಾಗಾದ್ರೆ ಇವತ್ತೇ ಎಲ್ಲ ಕಳೆದುಬಿಡೋಣ. ಒಂದೊಂದೇ ಹೇಳ್ಕೊಂಡು ತಿನ್ನು."

ಪೇಲಾನ್ ಒಂದು ಚಮಚ ಗಿಣ್ಣು ತಿಂದಳು. "ಹಿಮದಲ್ಲಿ ಸತ್ತಿದ್ದು. ಸಾಕ್ಸ್ ಪೂರ್ತಿ ಒದ್ದೆ. ಹೀರೋ ನನ್ನ ಕೂದಲು ತುಳ್ಕೊಂಡು ನಿಂತಿದ್ದ."

"ಕಣ್ಣಿಲ್ವಾ ಅವನಿಗೆ? ಮುಂದೆ?"

ವಿಷ, ಬೆಂಕಿ, ಮಹಡಿಯಿಂದ ಬಿದ್ದದ್ದು. ಐದನೆಯದು ಗುಂಡೇಟು. "ನಾನು ಕಾಲಿನ್‌ನ ಮದುವೆಯಾದ ವಾರ ಅದು. ಕತ್ತಿಗೆ ಬಳಿದ ರಕ್ತದ ಬಣ್ಣ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಮದುವೆ ಫೋಟೋದಲ್ಲೂ ಕಾಣುತ್ತೆ."

"ಅದಕ್ಕೇ ಆ ಮದುವೆ ನಿಲ್ಲಲಿಲ್ಲ. ದೊಡ್ಡ ಚೂರು ತಗೋ."

"ಅದಕ್ಕಲ್ಲ ಅಜ್ಜಿ, ಅವನಿಗೆ ಟೊರಾಂಟೊ ಬೇಕಿತ್ತು, ನಂಗೆ ಬೇಡವಾಗಿತ್ತು. ಈಗ್ಲೂ ಹುಟ್ಟುಹಬ್ಬಕ್ಕೆ ಫೋನ್ ಮಾಡ್ತಾನೆ. ಒಬ್ಳೇ ಹಾಯಾಗಿದೀನಿ."

ಮುಖ ನೋಡಿದರೆ ಹಾಯಾಗಿಯೇ ಇದ್ದಳು. ಅಜ್ಜಿ ನಂಬಿದಳು.

ಒಂಬತ್ತನೆಯದಕ್ಕೆ ಪೇಲಾನ್ ತಡೆದಳು. "ಆಸ್ಪತ್ರೆ ಮಂಚದ ಮೇಲೆ. ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ಅಪ್ಪನಿಗೆ ಹಾಕಿದ್ರಲ್ಲ, ಅದೇ ಥರದ ಕೊಳವೆ ಮೂಗಿಗೆ. ಕಣ್ಣೀರು ಬಂದುಬಿಡ್ತು. ಹೆಣ ಅಳಬಾರದು ಅಂತ ಬೈದ್ರು."

ಅಜ್ಜಿ ಪೇಲಾನ್‌ನ ಕೈಯಲ್ಲಿದ್ದ ಮಿಠಾಯಿ ತಗೊಂಡು ತನ್ನ ಬಾಯಿಗೆ ಹಾಕಿಕೊಂಡಳು. "ಅದು ನಂಗಿರ್ಲಿ. ನನ್ನ ಮಗ."

ಹದಿನಾಲ್ಕನೆಯದು ಸಮುದ್ರದ ರಾಕ್ಷಸ ಮೀನು ನುಂಗಿದ್ದು. ಮೀನು ಎಷ್ಟು ದೊಡ್ಡದಿತ್ತು ಎಂದು ಅಜ್ಜಿ ಕೇಳಿದರೆ, "ಮೀನೇ ಇರ್ಲಿಲ್ಲ, ಅದನ್ನ ಆಮೇಲೆ ಕಂಪ್ಯೂಟರಲ್ಲಿ ಸೇರಿಸೋದು. ಒಂದು ಹಸಿರು ಚೆಂಡು ನೋಡ್ಕೊಂಡು ಕಿರುಚಿದೆ" ಎಂದಳು. ಅಜ್ಜಿ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ಉಳಿದ ಚಿಲ್ಲರೆಗೆ ಬೂದುಗುಂಬಳದ ಶರಬತ್ತು ತಂದು ಕುಡಿಸಬೇಕಾಯಿತು. ಲಕೋಟೆ ಖಾಲಿಯಾದಾಗ ಗುಡಿಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು.

"ನಾಳೆ ಏನು ಮಾಡ್ತೀಯಾ?"

"ಬೆಳಿಗ್ಗೆ ಎದ್ದು ಗಂಜಿ ಕುಡಿಯೋದು."

"ಇವತ್ತು ಸತ್ತವಳು ನಾಳೆ ಗಂಜಿ ಕುಡೀತೀಯಾ?"

"ಸಿನಿಮಾದಲ್ಲಿ ಹಿಂದುಮುಂದಾಗೇ ತೆಗೆಯೋದು ಅಜ್ಜಿ. ಸಾಯೋದು ಇವತ್ತಿಗೆ ಮುಗೀತು. ಇನ್ನು ಮೂವತ್ತು ದಿವಸ ಬರೀ ಬದುಕೋದೇ."

ಅಜ್ಜಿ ಅರ್ಧ ಬೀದಿ ನಡೆದಳು. ಆಮೇಲೆ ನಿಂತು, "ಇಪ್ಪತ್ತೆರಡು ವರ್ಷದಿಂದ ಇದನ್ನ ಯಾಕೆ ಹೇಳ್ಲಿಲ್ಲ ನೀನು?" ಎಂದಳು.

ಮಾರನೆಯ ಬೆಳಿಗ್ಗೆ ಕ್ಯಾಮೆರಾದ ಪಕ್ಕ ಅಜ್ಜಿಗೊಂದು ಕುರ್ಚಿ ಹಾಕಿಕೊಟ್ಟರು. ಎದುರಿಗೆ ಪೇಲಾನ್ ಹೂಮೀನಿನ ಗಂಜಿ ಕುಡಿಯಲು ಕೂತಳು. ಒಂದು ಸಲ ಕುಡಿದದ್ದು ಸಾಲದೆ ಏಳು ಸಲ ಕುಡಿಸಿದರು. ಪ್ರತಿ ಸಲವೂ ಅವಳು ಚಮಚ ಎತ್ತುತ್ತಾಳೆ, ಊದುತ್ತಾಳೆ, ಕಿಟಕಿಯ ಕಡೆ ನೋಡಿ ಬಾಯಿಗಿಡುತ್ತಾಳೆ. ಅಜ್ಜಿ ಕಣ್ಣು ಕದಲಿಸಲಿಲ್ಲ.

ಸಾಕು ಎಂದಾಗ ಪೇಲಾನ್ ಹೊಟ್ಟೆ ಹಿಡಿದುಕೊಂಡು ಬಂದು ಕುರ್ಚಿಯ ಪಕ್ಕ ಕುಕ್ಕರಿಸಿದಳು.

"ತುಂಬಾ ಬಿಸಿ ಇತ್ತೇನೇ?"

"ಇಲ್ಲಜ್ಜಿ. ಮೂರನೇ ಸಲಕ್ಕೇ ತಣ್ಣಗಾಗಿತ್ತು."

"ಹೌದಾ?" ಎಂದು ಅಜ್ಜಿ ತುಟಿ ಮುಟ್ಟಿ ನೋಡಿಕೊಂಡಳು. "ನೀನು ಊದಿದಾಗ್ಲೆಲ್ಲ ನಾನೂ ಊದ್ತಾ ಇದ್ದೆ."

ಪೇಲಾನ್ ಅವಳ ಮಂಡಿಯ ಮೇಲೆ ತಲೆಯಿಟ್ಟಳು. ಅಜ್ಜಿ ಆ ಕಡೆ ನಿಂತಿದ್ದ ಸಿನಿಮಾದವನೊಬ್ಬನನ್ನು ಕರೆದು, ನಾಳೆ ಎಷ್ಟು ಗಂಟೆಗೆ ಶುರು ಎಂದು ಕೇಳಿದಳು.